ಹನ್ನೊಂದು ಗಂಟೆಯ ಲೋಟ ತೆರವು ಮಾಡುವ ಬಗ್ಗೆ

ಇವರಿಗೆ,
ಶ್ರೀಮಾನ್ ಫಿಲ್ಟರ್ ಕಾಫಿಯವರು,
ಅಡುಗೆಮನೆ ಕಟ್ಟೆ, ಮೈಸೂರು.

ವಿಷಯ: ನನ್ನ ಕಬ್ಬಿಣದ ಮಾತ್ರೆಯನ್ನು ತಾವು ದಾರಿಯಲ್ಲೇ ಅಡ್ಡಗಟ್ಟುತ್ತಿರುವ ಕುರಿತು.

ಮಾನ್ಯರೇ,

ತಮ್ಮ ಮೇಲೆ ದೂರು ಬರೆಯುವ ದಿನ ಬರುತ್ತದೆಂದು ಕನಸಲ್ಲೂ ಎಣಿಸಿರಲಿಲ್ಲ. ಬಾಬಾ ಬುಡನ್ ಏಳು ಬೀಜ ತಂದ ಕಥೆಯನ್ನು ಮಕ್ಕಳಿಗೆ ಪುರಾಣದ ಹಾಗೆ ಹೇಳಿದವಳು ನಾನು. ಆದರೆ ಮೂರು ತಿಂಗಳು ತಪ್ಪದೆ ಮಾತ್ರೆ ನುಂಗಿದರೂ ನನ್ನ ಹಿಮೋಗ್ಲೋಬಿನ್ 9 ಬಿಟ್ಟು ಏಳಲಿಲ್ಲ. ಮನೆಯಲ್ಲಿ ವಿಚಾರಣೆ ನಡೆಯಿತು. ಮೊದಲ ಆರೋಪಿ ಮಾತ್ರೆ: "ಕಂಪನಿ ಸರಿಯಿಲ್ಲ." ಎರಡನೆಯ ಆರೋಪಿ ನಾನು: "ಹೊತ್ತಿಗೆ ಸರಿಯಾಗಿ ಊಟ ಮಾಡಲ್ಲ." ತಮ್ಮ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತುವುದು ಹೇಗೆ? ವಿಚಾರಣೆಗೆ ಕೂತವರೆಲ್ಲರ ಕೈಯಲ್ಲೂ ತಾವೇ ಹೊಗೆಯಾಡುತ್ತಿದ್ದಿರಿ.

ಕೊನೆಗೆ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಯಾವುದರ ಜೊತೆ ನುಂಗ್ತೀರಿ?" ಅತ್ತೆ ಕಲಿಸಿದ ಉಪಾಯವನ್ನು ಹೆಮ್ಮೆಯಿಂದಲೇ ಹೇಳಿದೆ: "ಬಾಯೆಲ್ಲ ತುಕ್ಕು ತುಕ್ಕು ಅನ್ನತ್ತಾ? ಕಾಫೀಲಿ ನುಂಗಿಬಿಡೇ, ಗೊತ್ತೇ ಆಗಲ್ಲ." ಆಕೆ ಪೆನ್ನು ಕೆಳಗಿಟ್ಟರು.

ಅತ್ತೆಯ ಮಾತು ನಿಜ, ರಕ್ತಕ್ಕೂ ಗೊತ್ತಾಗಲಿಲ್ಲ. ತಮ್ಮೊಳಗಿನ ಪಾಲಿಫಿನಾಲ್‌ಗಳು ಕಬ್ಬಿಣವನ್ನು ಕರುಳಿನಲ್ಲೇ ಹಿಡಿದು ಗಂಟು ಹಾಕುತ್ತವೆಯಂತೆ. ಆ ಗಂಟು ರಕ್ತಕ್ಕೆ ಇಳಿಯದೆ ಹಾಗೇ ಹೊರಟುಹೋಗುತ್ತದೆ. 1983ರಲ್ಲಿ ಅಮೆರಿಕದವರು ಅಳೆದೂ ನೋಡಿದ್ದಾರೆ. ಊಟದ ಜೊತೆ ಒಂದು ಕಪ್ ಕಾಫಿ ಕುಡಿದರೆ ಆ ಊಟದ ಕಬ್ಬಿಣ ಮೈಗೆ ಹತ್ತುವುದು ಶೇ. 39ರಷ್ಟು ಕಡಿಮೆ. ಟೀ ಆದರೆ ಶೇ. 64. (ಈ ಒಂದು ವಿಷಯದಲ್ಲಿ ತಾವು ಮೀಸೆ ತಿರುವಿಕೊಳ್ಳಬಹುದು.) ಊಟಕ್ಕೆ ಒಂದು ಗಂಟೆ ಮುಂಚೆ ಕುಡಿದರೆ ನಷ್ಟವಿಲ್ಲ, ಒಂದು ಗಂಟೆ ಆದಮೇಲೆ ಕುಡಿದರೆ ಜೊತೆಗೆ ಕುಡಿದಷ್ಟೇ ನಷ್ಟ. ಮೊದಲು ಬಂದರೆ ನೆಂಟ, ಹಿಂದೆ ಬಂದರೆ ಕಳ್ಳ!

ಬಸುರಿಯರಿಗೆ ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 180 ದಿನ. ಅದರಲ್ಲಿ ತಮ್ಮ ಪಾಲೆಷ್ಟು ಎಂದು ಯಾವ ಆಡಿಟ್ಟೂ ಕೇಳಿಲ್ಲ.

ತಮ್ಮೊಬ್ಬರದೇ ತಪ್ಪೆನ್ನಲಾರೆ. ತಮ್ಮೊಳಗಿನ ಹಾಲಿನ ಕ್ಯಾಲ್ಸಿಯಂ ಕೂಡ ಇದರಲ್ಲಿ ಶಾಮೀಲು. ನಮ್ಮ ಯಜಮಾನರು "ಒಂದೇ ಗುಟುಕಿಗೆ ಮುಗಿಸು" ಎಂದು ಅಂಗೈಗೆ ಸುರಿಯುತ್ತಿದ್ದ ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ. ನಾದಿನಿಯ ಥೈರಾಯ್ಡ್ ಮಾತ್ರೆಗೆ ಕಬ್ಬಿಣ, ಕ್ಯಾಲ್ಸಿಯಂ ಎರಡರಿಂದಲೂ ನಾಲ್ಕು ಗಂಟೆ ದೂರ ಬೇಕಂತೆ, ಅದು ಬೇರೆಯೇ ಕೇಸು. ರಾಗಿಯಲ್ಲಿರುವ ಫೈಟೇಟ್ ಸಹ ಕಬ್ಬಿಣಕ್ಕೆ ಅಡ್ಡಗಾಲು ಎಂದು ಬರೆಯಲು ಕೈ ನಡುಗುತ್ತದೆ, ಮಂಡ್ಯದ ನೆಂಟರು ಓದಿಯಾರು. ಮೊಳಕೆ ಕಟ್ಟಿದರೆ ಅದು ತಗ್ಗುತ್ತದೆ ಎಂದು ಈಗಲೇ ಸೇರಿಸಿಬಿಡುತ್ತೇನೆ. ಇಷ್ಟು ಜನರ ನಡುವೆ ಕಬ್ಬಿಣದ ಕೈಹಿಡಿದದ್ದು, ನಾವು ಕೋಸಂಬರಿಗೆ ಹಿಂಡಿ ಸಿಪ್ಪೆ ಎಸೆಯುವ ನಿಂಬೆಹಣ್ಣು.

ತಮ್ಮನ್ನು ಬಿಡು ಎಂದು ಡಾಕ್ಟರಮ್ಮನೂ ಹೇಳಲಿಲ್ಲ. ಹೇಳಿದ್ದರೆ ಡಾಕ್ಟರನ್ನೇ ಬದಲಾಯಿಸುತ್ತಿದ್ದೆ. ಬೆಳಗಿನ ಆರು ಗಂಟೆ ತಮ್ಮದೇ. ಸಂಜೆ ನಾಲ್ಕೂ ತಮ್ಮದೇ. ಎಂಟೂವರೆಯ ತಿಂಡಿ ಅರಗಿದ ಮೇಲೆ, ಹನ್ನೊಂದಕ್ಕೆ ಮಾತ್ರೆ ನಿಂಬೆ ಪಾನಕದ ಜೊತೆ ಇಳಿಯಲಿದೆ. ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ವರ್ಗವಾಗಿದೆ. ಆದ್ದರಿಂದ ಹನ್ನೊಂದರ ಲೋಟವೊಂದನ್ನು ದಯಮಾಡಿ ತೆರವು ಮಾಡಿಕೊಡಬೇಕಾಗಿ ಪ್ರಾರ್ಥನೆ.

ಇಂತಿ,
ತಮ್ಮನ್ನು ಬಿಡಲಾರದ ಅರ್ಜಿದಾರಳು

ಪ್ರತಿ: ಅತ್ತೆಯವರಿಗೆ, ಮಾಹಿತಿಗಾಗಿ ಮತ್ತು ಸೂಕ್ತ ಕ್ರಮಕ್ಕಾಗಿ.