ಟಿ.ವಿ. ಥ್ರಿಲ್ಲರ್ ಕಥೆಗಾರರಿಗೊಂದು ಬಹಿರಂಗ ಪತ್ರ

ಟಿ.ವಿ. ಥ್ರಿಲ್ಲರ್ ಬರೆಯುವ ಮಹಾಶಯರಿಗೆ, ವಿಜಯಪುರದ ಇಬ್ರಾಹಿಂಪುರದಿಂದ ಒಬ್ಬ ಖಾಯಂ ಪ್ರೇಕ್ಷಕನ ಶರಣು.

ಕಲಾವಿದನ ಬೆನ್ನು ಹತ್ತಿದ ಕೊಲೆಗಾರನ ಕಥೆ ನಿಮಗೆ ಬರೆದಷ್ಟೂ ಸಾಲದು, ನಮಗೆ ನೋಡಿದಷ್ಟೂ ಸಾಲದು. ಕೊಲೆ ರಾತ್ರಿಯೇ ನಡೆಯಬೇಕು, ಧೋ ಎಂದು ಮಳೆ ಸುರಿಯಬೇಕು, ಸರಿಯಾದ ಹೊತ್ತಿಗೆ ಕರೆಂಟು ಹೋಗಬೇಕು. ಕರೆಂಟಿನ ಮಾತು ನಂಬುತ್ತೇವೆ. ಮಳೆಯ ಮಾತು ಮಾತ್ರ ನಮ್ಮ ಜಿಲ್ಲೆಯವರಿಗೆ ತುಸು ಕಷ್ಟ ನೋಡ್ರಿ.

ನಮ್ಮ ಕಡೆಯದೊಂದು ಕಥೆ ಕಳಿಸೋಣವೆಂದಿದ್ದೆ. ಆದರೆ ನಿಮ್ಮ ಚಾನೆಲ್ಲಿನವರು ಒಪ್ಪಲಿಕ್ಕಿಲ್ಲ, ಅದರಲ್ಲಿ ದೋಷಗಳು ಬಹಳ.

ಮೊದಲನೆಯದಾಗಿ, ನಾಯಕನಿಗೆ 76 ವರ್ಷ. ಸಿಂದಗಿ ಸೀಮೆಯ ಯರಗಲ್ಲದಲ್ಲಿ 1938ರಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿ. ಶಾಸನ ಓದುವುದು, ವಚನಗಳ ಪಾಠ ಪರಿಷ್ಕರಿಸುವುದು ಅವರ ಕಸುಬು. ಅವರ ಸಂಶೋಧನ ಲೇಖನಗಳ ಸಂಕಲನ ‘ಮಾರ್ಗ’ದ ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಚಿತ್ರಕಾರರನ್ನೂ ಹಾಡುಗಾರರನ್ನೂ ಸಾಕಿ, ‘ಕಿತಾಬ್-ಎ-ನವರಸ್’ ಬರೆದ ಬಿಜಾಪುರದ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಮನೆತನದ ಕಾಲದ ಸಾಹಿತ್ಯವನ್ನು ಕನ್ನಡಕ್ಕೆ ತರುವ ಕೆಲಸಕ್ಕೂ ಹಿರಿತನ ವಹಿಸಿದ್ದರು. ಇಂಥವರನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯ ಎಲ್ಲಿಂದ ತರುತ್ತೀರಿ?

ಎರಡನೆಯದಾಗಿ, ಹೊತ್ತು ತಪ್ಪಿದೆ. 2015ರ ಆಗಸ್ಟ್ 30, ಭಾನುವಾರ. ಧಾರವಾಡದ ಕಲ್ಯಾಣನಗರದ ಮನೆ ಬಾಗಿಲಲ್ಲಿ, ಬೆಳ್ಳಂಬೆಳಿಗ್ಗೆ ಗುಂಡು. ಮಳೆಯೂ ಬೇಕಾಗಲಿಲ್ಲ, ಕತ್ತಲೆಯೂ ಬೇಕಾಗಲಿಲ್ಲ. ಕಾವಲಿಗಿದ್ದ ಪೊಲೀಸರನ್ನು ಕೆಲವೇ ದಿನಗಳ ಹಿಂದೆ ಅವರೇ ಬೇಡವೆಂದು ಕಳಿಸಿದ್ದರು. ನಾಯಕ ಹೀಗೆ ಮಾಡುತ್ತಾನೆಯೇ ಎಂದು ನಿರ್ಮಾಪಕರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಮೂರನೆಯದಾಗಿ, ನಿಮ್ಮ ಇನ್‌ಸ್ಪೆಕ್ಟರ್ ಕೊನೆಯ ಜಾಹೀರಾತಿನ ಬೆನ್ನಿಗೇ ಕೊಲೆಗಾರನ ಕೈಗೆ ಬೇಡಿ ತೊಡಿಸುತ್ತಾನೆ. ಇಲ್ಲಿ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2019ರ ಫೆಬ್ರುವರಿಯಲ್ಲಿ ತನಿಖೆ ವಿಶೇಷ ತನಿಖಾ ತಂಡಕ್ಕೆ, ಅಂದರೆ ಎಸ್‌ಐಟಿಗೆ ಹೋಯಿತು. ಯಾವ ಎಸ್‌ಐಟಿ? 2017ರಲ್ಲಿ ಬೆಂಗಳೂರಿನಲ್ಲಿ ಹತ್ಯೆಯಾದ ಪತ್ರಕರ್ತೆ ಗೌರಿ ಲಂಕೇಶರ ಪ್ರಕರಣ ನೋಡುತ್ತಿದ್ದ ಎಸ್‌ಐಟಿ. ಎರಡೂ ಕಡೆ ಹಾರಿದ ಗುಂಡು ಒಂದೇ ಪಿಸ್ತೂಲಿನದು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತ್ತು. ಮೊದಲ ಕೊಲೆಯ ಪಿಸ್ತೂಲೇ ಎರಡು ವರ್ಷದ ಮೇಲೆ ಎರಡನೆಯದಕ್ಕೂ ಬಂತೆಂದು ನೀವು ಬರೆದಿದ್ದರೆ, ‘ಪೊಲೀಸರು ಇಷ್ಟು ದಿನ ಏನು ಮಾಡುತ್ತಿದ್ದರು?’ ಎಂದು ನಾವೇ ನಗುತ್ತಿದ್ದೆವು.

ಇನ್ನು ನಿಮ್ಮ ಕೊಲೆಗಾರ ಯಾವಾಗಲೂ ಒಂಟಿ, ಯಾವಾಗಲೂ ಹುಚ್ಚ. ಗೌರಿ ಪ್ರಕರಣದಲ್ಲಿ ಎಸ್‌ಐಟಿ ಹೆಸರಿಸಿದ ಆರೋಪಿಗಳು 18 ಮಂದಿ. ಅಷ್ಟು ಜನರಿಗೆ ಸಂಭಾವನೆ ಕೊಡುವುದು ನಿಮ್ಮ ಬಜೆಟ್ಟಿಗೆ ಆಗದ ಮಾತು.

ಟಿ.ವಿ. ಮುಖವೇ ಬೇಕೆಂದರೆ ನಾಟಕಕಾರ ಗಿರೀಶ ಕಾರ್ನಾಡರಿದ್ದರು. ‘ಮಾಲ್ಗುಡಿ ಡೇಸ್’ನಲ್ಲಿ ಸ್ವಾಮಿಯ ತಂದೆಯಾಗಿ ದೇಶಕ್ಕೆಲ್ಲ ಪರಿಚಯ. ಗೌರಿ ಪ್ರಕರಣದ ತನಿಖೆಯಲ್ಲಿ ಸಿಕ್ಕ ಡೈರಿಯ, ಕೊಲ್ಲಬೇಕಾದವರ ಪಟ್ಟಿಯಲ್ಲಿ ಅವರ ಹೆಸರೂ ಇತ್ತೆಂದು 2018ರಲ್ಲಿ ಸುದ್ದಿಯಾಯಿತು. ಅವರು ಅಡಗಿ ಕೂಡಲಿಲ್ಲ. ಗೌರಿ ಹತ್ಯೆಯ ವರ್ಷಾಚರಣೆಗೆ ಮೂಗಿನಲ್ಲಿ ಆಮ್ಲಜನಕದ ನಳಿಕೆ, ಕೊರಳಲ್ಲಿ ‘ಮೀ ಟೂ ಅರ್ಬನ್ ನಕ್ಸಲ್’ (ನಾನೂ ನಗರ ನಕ್ಸಲ) ಎಂಬ ಫಲಕ ಹಾಕಿಕೊಂಡು ಬಂದು ಕೂತರು. ಕೂಡಲೇ ಪೊಲೀಸರಿಗೆ ದೂರು ಹೋಯಿತು, ಕಾರ್ನಾಡರ ಮೇಲೆ! ಇಂಥ ತಿರುವು ನಿಮಗೂ ಹೊಳೆದಿರಲಿಕ್ಕಿಲ್ಲ.

ಹಾಗಾಗಿ ನಮ್ಮ ಕಥೆ ನಮ್ಮಲ್ಲೇ ಇರಲಿ. ಒಂದೇ ಒಂದು ವಿನಂತಿ. ನಿಮ್ಮ ಥ್ರಿಲ್ಲರ್‌ಗಳಲ್ಲಿ ಚಾಕುವಿನ ಹೊಳಪು ಕಾಣುತ್ತದೆ, ಕೊಲೆಗಾರನ ಕೈಗವಸಿನ ಬಣ್ಣ ಕಾಣುತ್ತದೆ, ಆ ಕಲಾವಿದ ಬಿಡಿಸಿದ ಚಿತ್ರ ಮಾತ್ರ ಕಾಣುವುದಿಲ್ಲ. ಮುಂದಿನ ಸಲ ಕರೆಗಂಟೆ ಬಾರಿಸುವ ಮೊದಲು ಹತ್ತು ನಿಮಿಷ ಅವನ ಮೇಜಿನ ಮೇಲೆ ಕ್ಯಾಮೆರಾ ಇಡಿ. ಅವನು ಏನು ಬರೆದ, ಅದು ಯಾರಿಗೆ ಚುಚ್ಚಿತು, ಯಾಕೆ ಚುಚ್ಚಿತು ಎಂಬುದನ್ನು ತೋರಿಸಿ. ಟಿಆರ್‌ಪಿ ಬೀಳಬಹುದು. ಆದರೆ ಬರಹ ಓದದೆ ಬರಹಗಾರನ ಸಾವನ್ನಷ್ಟೇ ನೋಡುವ ಚಟವನ್ನು ನಮಗೆ ಹಿಡಿಸಿದವರು ನೀವು. ಬಿಡಿಸುವ ಹೊಣೆಯೂ ನಿಮ್ಮದೇ.

ಇಂತಿ,
ಇಬ್ರಾಹಿಂಪುರದ ಪ್ರೇಕ್ಷಕ