ತಕ್ಕಡಿ ಹಿಡಿದವರು

ಮಾದಕವಸ್ತು ಸಾಗಣೆಯನ್ನು ತಡೆಯಲು ಸಹಕರಿಸುವ ದೇಶಗಳಿಗೆ ಅಮೆರಿಕದ ಅಧ್ಯಕ್ಷರು 1986ರ ಕಾನೂನಿನಂತೆ ವರ್ಷವರ್ಷವೂ ನೀಡುತ್ತಿದ್ದ ಒಪ್ಪಿಗೆಗೆ 'ಪ್ರಮಾಣೀಕರಣ' ಎಂದು ಹೆಸರಿತ್ತು; ಅದು ದೊರೆಯದ ದೇಶಕ್ಕೆ ಬಹುಪಾಲು ನೆರವು ನಿಲ್ಲುತ್ತಿತ್ತು. 1997ರಲ್ಲಿ ಅದು ದೊರೆಯದ ಕೊಲಂಬಿಯಾದ ಕಲ್ಪಿತ ದೂತನೊಬ್ಬನು ವಾಷಿಂಗ್ಟನ್ನಿನ ಅಧಿಕಾರಿಯೆದುರು ಕೈಕಟ್ಟಿ ನಿಂತನು.

ದೂತ: "ಮಹನೀಯರೇ, ಮೆಕ್ಸಿಕೋದಲ್ಲಿ ಮಾದಕವಸ್ತು ನಿಗ್ರಹದ ಮುಖ್ಯಸ್ಥನಾದ ಸೇನಾಧಿಕಾರಿಯೇ ಕಳ್ಳಸಾಗಣೆದಾರರ ನಂಟಿನ ಆರೋಪದ ಮೇಲೆ ಫೆಬ್ರವರಿಯಲ್ಲಿ ಬಂಧಿತನಾದರೂ ಆ ದೇಶ ತೇರ್ಗಡೆಯಾದದ್ದು ಹೇಗೆ?"

ಅಧಿಕಾರಿ: "ಬಂಧಿಸಿದ್ದೇ ಸಹಕಾರವಲ್ಲವೇ? ಅಲ್ಲದೆ ಅದು ನೆರೆಮನೆ, ವ್ಯಾಪಾರವೂ ಇದೆ."

ದೂತ: "ಸರಕನ್ನು ಕೊಳ್ಳುವ ಮೂಗುಗಳು ತಮ್ಮಲ್ಲೇ ಇವೆಯಲ್ಲ, ತಮಗೆ ಪ್ರಮಾಣಪತ್ರ ಕೊಡುವವರು ಯಾರು?"

ಅಧಿಕಾರಿ: "ತಕ್ಕಡಿ ಹಿಡಿದವನನ್ನು ತೂಗುವ ಪದ್ಧತಿ ಇಲ್ಲ."

ಮರುವರ್ಷ ಕೊಲಂಬಿಯಾಕ್ಕೆ 'ರಾಷ್ಟ್ರೀಯ ಹಿತಾಸಕ್ತಿ'ಯ ಹೆಸರಿನಲ್ಲಿ ವಿನಾಯಿತಿ ದೊರೆಯಿತು. ಕೊಕೇನಿಗೆ ಮೂಲವಾದ ಕೋಕಾ ಗಿಡದ ಹೊಲಗಳು ಅಷ್ಟರಲ್ಲಿ ಅಲ್ಲಿ ಇನ್ನಷ್ಟು ಹರಡಿದ್ದವು.