ವನಗೂರು ಸೀಮೆಯ ತಂದೆ ತಾಯಂದಿರಿಗೆ ಒಂದು ಬಹಿರಂಗ ಪತ್ರ



ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: “ಬಿಎಸ್ಸಿ ಫಿಸಿಕ್ಸ್ ಓದಿ ಏನ್ಮಾಡ್ತೀಯ? ನ್ಯೂಟನ್ನು, ಐನ್‌ಸ್ಟೈನು ಅಂತ ಕೂತ್ರೆ ಹೊಟ್ಟೆ ತುಂಬುತ್ತಾ?” ಕಾಫಿ ಬೆಲೆಯ ಏರಿಳಿತ, ಆಳು ಸಿಗದ ಕಷ್ಟ, ಹೊತ್ತಿಗೆ ಬಾರದ ಮಳೆ, ಇವೆಲ್ಲದರ ನಡುವೆ ಮಕ್ಕಳನ್ನು ಓದಿಸುತ್ತಿರುವವರು ಹೀಗೆ ಕೇಳುವುದು ಸಹಜ. ಆ ಪ್ರಶ್ನೆಯನ್ನು ಗೌರವದಿಂದಲೇ ತೆಗೆದುಕೊಂಡು, ನನಗೆ ತಿಳಿದಷ್ಟು ಉತ್ತರ ಹೇಳಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ತೋಟಕ್ಕೆ ಹೊರಡುವ ಮುನ್ನ ನೀವು ನೋಡುವ ಮೊಬೈಲಿನಿಂದಲೇ ಶುರು ಮಾಡೋಣ. ಸಕಲೇಶಪುರ, ಆಲೂರು, ಯಸಳೂರು ಭಾಗದಲ್ಲಿ ಕಾಡಾನೆಯ ಭಯ ಎಂಥದ್ದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅರಣ್ಯ ಇಲಾಖೆಯವರು ಹಿಂಡಿನ ಹೆಣ್ಣಾನೆಗಳಿಗೆ ರೇಡಿಯೋ ಕಾಲರ್ ಹಾಕುತ್ತಾರೆ. ಹಿಂಡು ಎಲ್ಲಿದೆ ಎಂಬ ಸುದ್ದಿ ಫೋನಿಗೆ ಬರುತ್ತದೆ. ಅದನ್ನು ನೋಡಿ ನೀವು ಆ ದಿನ ಆಳುಗಳನ್ನು ಬೇರೆ ಕಡೆಗೆ ಕಳಿಸುತ್ತೀರಿ. ಆ ಒಂದು ಸಾಲಿನ ಸುದ್ದಿಯ ಹಿಂದೆ ಯಾರ್‍ಯಾರ ದುಡಿಮೆ ಇದೆ ನೋಡಿ.

ಆನೆಯ ಕೊರಳಿನ ಯಂತ್ರ ತಾನಿರುವ ಜಾಗವನ್ನು ಜಿಪಿಎಸ್‌ನಿಂದ ತಿಳಿಯುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು “ಈಗ ಸಮಯ ಇಷ್ಟು” ಎಂದು ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಬಂದು ತಲುಪಲು ಹಿಡಿದ ಹೊತ್ತನ್ನು ಲೆಕ್ಕ ಹಾಕಿದರೆ ಜಾಗ ಗೊತ್ತಾಗುತ್ತದೆ. ಸಂಕೇತ ಬರುವುದು ಬೆಳಕಿನ ವೇಗದಲ್ಲಿ, ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್. ಸಮಯ ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಆನೆ ನಿಮ್ಮ ತೋಟದಲ್ಲಿದೆಯೋ ಪಕ್ಕದ ತೋಟದಲ್ಲಿದೆಯೋ ಎನ್ನುವಷ್ಟು ವ್ಯತ್ಯಾಸ ಅದು.

ಐನ್‌ಸ್ಟೈನ್ ಬರುವುದು ಇಲ್ಲಿ. ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ ಎಂಬುದು ಅವರು 1905ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಹೊರಟ ಮಾತು. ಗುರುತ್ವ ಕಡಿಮೆ ಇರುವಲ್ಲಿ ಗಡಿಯಾರ ಬೇಗ ಓಡುತ್ತದೆ ಎಂಬುದನ್ನು 1915ರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಖಚಿತವಾಗಿ ಹೇಳುತ್ತದೆ. ವೇಗದಿಂದಾಗಿ ಉಪಗ್ರಹದ ಗಡಿಯಾರ ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ, ಎತ್ತರದಿಂದಾಗಿ ಸುಮಾರು 45 ಮುಂದೆ ಓಡುತ್ತದೆ. ಒಟ್ಟು 38 ಮೈಕ್ರೋಸೆಕೆಂಡ್ ಮುಂದೆ. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪು ಸೇರಿಕೊಳ್ಳುತ್ತದೆ. ವನಗೂರಿನಲ್ಲಿರುವ ಆನೆಯನ್ನು ಇನ್ನೆಲ್ಲೋ ಹುಡುಕಬೇಕಾದೀತು. ಮೊದಲ ಜಿಪಿಎಸ್ ಉಪಗ್ರಹ ಹಾರಿದ್ದು 1978ರಲ್ಲಿ. ಐನ್‌ಸ್ಟೈನ್ ತೀರಿಕೊಂಡದ್ದು 1955ರಲ್ಲಿ. ತಮ್ಮ ಸಮೀಕರಣಗಳಿಂದ ಆದ ಈ ಉಪಯೋಗವನ್ನು ಅವರು ಕಾಣಲೇ ಇಲ್ಲ.

ಇನ್ನು ಆ ಸುದ್ದಿ ನಿಮ್ಮ ಫೋನಿಗೆ ಬಂದದ್ದು ರೇಡಿಯೋ ಅಲೆಯ ಮೇಲೆ. ಆ ಅಲೆಯ ಕಥೆ ಮೈಕೆಲ್ ಫ್ಯಾರಡೆಯವರಿಂದ ಶುರುವಾಗುತ್ತದೆ. ಅವರು ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದು, ಅಲ್ಲಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತವರು. ಕಾಂತದ ಚಲನೆಯಿಂದ ವಿದ್ಯುತ್ ಹುಟ್ಟುತ್ತದೆಂದು 1831ರಲ್ಲಿ ತೋರಿಸಿದರು. ಅವರ ಒಳನೋಟಕ್ಕೆ ಗಣಿತದ ರೂಪ ಕೊಟ್ಟ ಮ್ಯಾಕ್ಸ್‌ವೆಲ್, ವಿದ್ಯುತ್ಕಾಂತೀಯ ಅಲೆಗಳಿರಬೇಕೆಂದೂ ಬೆಳಕು ಅಂಥದೇ ಅಲೆಯೆಂದೂ ಹೇಳಿದರು. 1887ರ ಹೊತ್ತಿಗೆ ಹರ್ಟ್ಸ್ ಆ ಅಲೆಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿದರು. 1895ರಲ್ಲಿ ಕಲ್ಕತ್ತದಲ್ಲಿ ಜಗದೀಶಚಂದ್ರ ಬೋಸ್ ಗೋಡೆಯಾಚೆಗೂ ಅಲೆಯನ್ನು ಕಳಿಸಿ ಗಂಟೆ ಬಾರಿಸಿದರು.

ಇವರೆಲ್ಲ ದೂರದವರು ಅನ್ನಿಸಬಹುದು. ಹಾಗಾದರೆ ನಮ್ಮ ಜಿಲ್ಲೆಗೇ ಬನ್ನಿ. ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ, 1982ರಿಂದ. 35,786 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಜೊತೆಗೇ ತಿರುಗುವ ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಸೂರ್ಯಚಂದ್ರರ ಸೆಳೆತಕ್ಕೆ ಉಪಗ್ರಹ ತನ್ನ ನೆಲೆ ಬಿಟ್ಟು ಸರಿಯುತ್ತದೆ. ಹಾಸನದಿಂದ ಆದೇಶ ಹೋಗಿ ಅದನ್ನು ಮತ್ತೆ ಸ್ಥಾನಕ್ಕೆ ತರುತ್ತದೆ. ಎಷ್ಟು ಸರಿಯುತ್ತದೆ, ಎಷ್ಟು ತಳ್ಳಬೇಕು ಎಂಬ ಲೆಕ್ಕಕ್ಕೆ ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮಗಳೇ ಇಂದಿಗೂ ಆಧಾರ. ಹೂಮಳೆ ಬರುತ್ತದೋ ಇಲ್ಲವೋ ಎಂದು ಮಾರ್ಚ್ ತಿಂಗಳಲ್ಲಿ ನೀವು ಟೀವಿಯಲ್ಲಿ ನೋಡುವ ಮೋಡದ ಚಿತ್ರ ಇನ್ಸಾಟ್ ಸರಣಿಯ ಉಪಗ್ರಹಗಳದ್ದು.

ಆ ಉಪಗ್ರಹಗಳ ಕಾಲವನ್ನು ನಮ್ಮ ದೇಶದಲ್ಲಿ ಕಟ್ಟಿದ ದೊಡ್ಡವರಲ್ಲಿ ಒಬ್ಬರು ಉಡುಪಿ ರಾಮಚಂದ್ರ ರಾವ್. ಬಿಸಿಲೆ ಘಾಟಿ ಇಳಿದರೆ ಸಿಗುವ ಕರಾವಳಿಯವರೇ. 1932ರಲ್ಲಿ ಅದಮಾರಿನಲ್ಲಿ ಹುಟ್ಟಿ, ಉಡುಪಿಯಲ್ಲಿ ಹೈಸ್ಕೂಲು, ಬಳ್ಳಾರಿಯಲ್ಲಿ ಇಂಟರ್‌ಮೀಡಿಯೆಟ್, ಅನಂತಪುರದಲ್ಲಿ ಬಿಎಸ್ಸಿ, ಕಾಶಿಯಲ್ಲಿ ಎಂಎಸ್ಸಿ ಓದಿದರು. ಆಮೇಲೆ ವಿಕ್ರಂ ಸಾರಾಭಾಯಿಯವರ ಕೈಕೆಳಗೆ ಕಾಸ್ಮಿಕ್ ಕಿರಣಗಳ ಅಧ್ಯಯನ. ಸಾರಾಭಾಯಿ ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಬಳಿ ಅದೇ ಕಿರಣಗಳನ್ನು ಅಭ್ಯಾಸ ಮಾಡಿದವರು. ಆಕಾಶದಿಂದ ಬೀಳುವ ಕಿರಣಗಳ ಬೆನ್ನು ಹತ್ತಿದ ರಾಯರು ಪೀಣ್ಯದ ಶೆಡ್ಡುಗಳಲ್ಲಿ ಎಳೆಯರ ತಂಡ ಕಟ್ಟಿ, 360 ಕೆಜಿ ತೂಕದ ಆರ್ಯಭಟ ಉಪಗ್ರಹ ಮಾಡಿಸಿದರು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಹಾರಿತು. ಫಿಸಿಕ್ಸ್ ಓದಿ ಏನು ಮಾಡುತ್ತೀಯ ಎಂದು ಆ ಹುಡುಗನನ್ನು ಯಾರಾದರೂ ತಡೆದಿದ್ದರೆ ಈ ನಾಡು ಎಷ್ಟು ಕಳೆದುಕೊಳ್ಳುತ್ತಿತ್ತು, ನೀವೇ ಯೋಚಿಸಿ.

ಇನ್ನೊಬ್ಬರ ಹೆಸರನ್ನೂ ಹೇಳಲೇಬೇಕು. ಬೆಂಗಳೂರಿನ ಸಿ.ವಿ. ವಿಶ್ವೇಶ್ವರ, ಕಪ್ಪುಕುಳಿಗೆ ಪೆಟ್ಟು ಬಿದ್ದರೆ ಅದು ಹೇಗೆ ಮಿಡಿದು ಶಾಂತವಾಗುತ್ತದೆಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದರು. 2015ರ ಸೆಪ್ಟೆಂಬರ್‌ನಲ್ಲಿ ಲೈಗೋ ಉಪಕರಣಗಳು ಗುರುತ್ವದ ಅಲೆಗಳನ್ನು ಮೊದಲ ಸಲ ಹಿಡಿದಾಗ ಆ ಮಿಡಿತದ ಗುರುತು ಕಂಡಿತು. ಅದರಿಂದ ನಮ್ಮ ತೋಟಕ್ಕೆ ಇವತ್ತು ಯಾವ ಲಾಭವೂ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಅವರ ಸಿದ್ಧಾಂತದಿಂದಲೂ ಇರಲಿಲ್ಲ. ತಿಳಿಯಬೇಕೆಂಬ ಹಂಬಲ ಮೊದಲು ಬರುತ್ತದೆ, ಉಪಯೋಗ ತನ್ನ ಕಾಲಕ್ಕೆ ಬರುತ್ತದೆ. ನಾನು ಹೇಳಬೇಕಾದ ಮಾತು ಇಷ್ಟೇ.

ಈ ವಿಜ್ಞಾನಿಗಳು ತಮ್ಮ ಕೆಲಸ ಮಾಡಿದರು. ಉಳಿದದ್ದು ನಮ್ಮದು. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದ ಲೈನ್‌ಮನೆಗಳಿಗೆ ಆನೆಯ ಸುದ್ದಿ ತಲುಪುವುದಿಲ್ಲ. ಹೊತ್ತಾರೆ ಮಂಜಿನಲ್ಲಿ ನಡೆದು ಕೆಲಸಕ್ಕೆ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನರ ಬಳಿ ಒಳ್ಳೆಯ ಫೋನಿಲ್ಲ. ಮ್ಯಾಕ್ಸ್‌ವೆಲ್ ಕೊಟ್ಟ ಜ್ಞಾನ ಕೊನೆಯ ಮನೆಗೂ ಮುಟ್ಟಬೇಕೆಂದು ಗ್ರಾಮಸಭೆಯಲ್ಲಿ ಒಟ್ಟಾಗಿ ಕೇಳೋಣ. ಅಲ್ಲಿಯವರೆಗೆ, ಸುದ್ದಿ ನೋಡಿದವರು ನೋಡದವರಿಗೆ ಹೇಳುವ ಏರ್ಪಾಡನ್ನು ಪ್ರತಿ ತೋಟದಲ್ಲೂ ಮಾಡಿಕೊಳ್ಳೋಣ.

ಮಕ್ಕಳ ವಿಷಯದಲ್ಲಿ ನಿಮ್ಮಲ್ಲಿ ನನ್ನ ಕೋರಿಕೆ: ಇಂಜಿನಿಯರಿಂಗ್, ಮೆಡಿಕಲ್ ಬೇಕೆನ್ನುವವರು ಓದಲಿ, ಸಂತೋಷ. ಆದರೆ ಮಿಂಚು ಮೊದಲು, ಗುಡುಗು ಆಮೇಲೆ ಯಾಕೆ ಎಂದು ಕೇಳುವ ಮಗುವನ್ನು ಗದರಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಮೇಷ್ಟ್ರ ಹತ್ತಿರ ಕಳಿಸಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ಪಿಯುಸಿ ಮುಗಿಸಿದವರಿಗೂ ನಾಲ್ಕು ವರ್ಷದ ಪದವಿ ಓದಲು ಅವಕಾಶವಿದೆ ಎಂದು ಮಕ್ಕಳಿಗೆ ತಿಳಿಸಿ. ಮಗಳು ಫಿಸಿಕ್ಸ್ ಓದುತ್ತೇನೆ ಅಂದರೆ ಧೈರ್ಯವಾಗಿ ಸೇರಿಸಿ. ಅದಮಾರಿನ ಹುಡುಗನಿಗೆ ಸಾಧ್ಯವಾದದ್ದು ವನಗೂರಿನ ಹುಡುಗಿಗೂ ಸಾಧ್ಯ.


ನಿಮ್ಮ ಸೀಮೆಯವನೇ ಆದ ಒಬ್ಬ ಓದುಗ